ಎಡ ಬಾಗಿಲ ಗ್ಯಾಪು ಮೇಲೆ 9, ಕೆಳಗೆ 2: ಕಿಟ್ ಕಾರಿಗೆ ಫೈಬರ್ ಬಾಡಿ ಕೂರಿಸುವವರು ಸ್ವಲ್ಪ ಬನ್ನಿ

ಭೋಸರಿ ಶೆಡ್ · ಮಾರ್ಚ್ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಹೊಟ್ಟೆಪಾಡು ಪುಣೆ. ಮೂರು ವರ್ಷದಿಂದ ಭೋಸರಿಯ ಒಂದು ಬಾಡಿಗೆ ಶೆಡ್ಡಿನಲ್ಲಿ, ರಜೆ ಸಿಕ್ಕಾಗಲೆಲ್ಲ, ಎರಡು ಸೀಟಿನ ತೆರೆದ ಕಾರು ಕಟ್ಟುತ್ತಿದ್ದೇನೆ. ಚಾಸಿ ಚೌಕ ಪೈಪಿನದು, ನಾನೇ ವೆಲ್ಡ್ ಮಾಡಿದ್ದು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹಳೆಯ ಜಿಪ್ಸಿಯವು. ಬಾಡಿ ಮಾತ್ರ ಹೊರಗೆ ಮಾಡಿಸಿದ ಫೈಬರ್, ಅಂದರೆ ಗಾಜಿನ ನೂಲನ್ನು ರೆಸಿನ್ ಎಂಬ ಅಂಟಿನಲ್ಲಿ ಗಟ್ಟಿ ಮಾಡಿದ್ದು: ಒಂದೇ ತುಂಡಿನ ದೊಡ್ಡ ತೊಟ್ಟಿ, ಎರಡು ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ.

ಬಲ ಬಾಗಿಲು ಒಂದು ಭಾನುವಾರದಲ್ಲಿ ಕೂತಿತು. ಎಡದ್ದು ಆರು ವಾರದಿಂದ ಕೂರುತ್ತಿಲ್ಲ. ಹಿಂದಿನ ಅಂಚಿನ ಗ್ಯಾಪು ಮೇಲೆ 9 ಮಿ.ಮೀ., ಕೆಳಗೆ 2 ಮಿ.ಮೀ. ಸಾಲದ್ದಕ್ಕೆ ಕೆಳಗಿನ ಹಿಂದಿನ ಮೂಲೆ ಬಾಡಿಗಿಂತ 6 ಮಿ.ಮೀ. ಹೊರಗೆ ಚಾಚಿಕೊಂಡಿದೆ. ಕೈಯಿಂದ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮತ್ತೆ ಹೊರಗೆ. ಹಿಂಜಿನ ಬೋಲ್ಟು ಬಿಗಿ ಮಾಡಿ ಎಳೆದು ನೋಡಿದೆ. ನಿನ್ನೆ ಆ ಬೋಲ್ಟಿನ ಸುತ್ತ ಜೆಲ್‌ಕೋಟಿನಲ್ಲಿ, ಅಂದರೆ ಫೈಬರಿನ ಹೊರ ಪದರದಲ್ಲಿ, ಜೇಡರ ಬಲೆಯಂಥ ಗೀರು ಬಿದ್ದಿದೆ. ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು.

ಬಾಡಿ ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, ಪುಟ್ಟಿ ಹಚ್ಚಿಸಿ ಎಲ್ಲ ಸರಿಯಾಗುತ್ತೆ ಅಂದರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹಡಪ್ಸರ್ ಪೇಂಟರ್ · ಮಾರ್ಚ್ 9, ರಾತ್ರಿ 11:15

ಪುಟ್ಟಿ ಹಚ್ಚಬ್ಯಾಡ್ರಿ. ವಿಜಾಪುರ ಬಿಟ್ಟು ಬಂದು ಇಪ್ಪತ್ತೆರಡು ವರ್ಷ ಆತು, ಟಿಂಕರಿಂಗ್ ಪೇಂಟಿಂಗ್‌ದಾಗ ಇದೀನಿ. ಅಂಚಿನ ಮ್ಯಾಲೆ ಪುಟ್ಟಿ ನಿಂದ್ರೂದುಲ್ಲ. ಬಾಗಲಾ ನಾಕ್ ಸಲ ಧಡ್ ಅಂತ ಮುಚ್ಚಿದ್ರಂದ್ರ ಮೂಲ್ಯಾನ ಪುಟ್ಟಿ ಚಕ್ಕಿ ಎದ್ದು ಬರ್ತದ. ಬಣ್ಣಾನೂ ಕರಕೊಂಡು ಹೋಗ್ತದ. ಅಂಚು ಬೆಳಸೂದಿದ್ರ ಫೈಬರ್‌ಲೇ ಬೆಳಸ್ಬೇಕು. ಅದು ಆಮ್ಯಾಲಿನ ಕೆಲಸ. ಮೊದಲ ಯಾಕ ಕೂಡವಲ್ದು ಅನ್ನೂದು ಹುಡುಕ್ರಿ.

ನಿವೃತ್ತ ಟೂಲ್‌ರೂಮ್ · ಮಾರ್ಚ್ 10, ಬೆಳಿಗ್ಗೆ 6:20

ಬಾಗಿಲನ್ನು ಸದ್ಯಕ್ಕೆ ಮರೆತುಬಿಡಿ. ನನಗೆ ಬೇರೆ ವಿಷಯ ತಿಳಿಯಬೇಕು. ಕಾರು ಯಾವುದರ ಮೇಲೆ ನಿಂತಿದೆ? ಚಕ್ರದ ಮೇಲೋ, ಸ್ಟ್ಯಾಂಡಿನ ಮೇಲೋ? ಸ್ಟ್ಯಾಂಡಾದರೆ ಚಾಸಿಯ ಯಾವ ಜಾಗಕ್ಕೆ ಕೊಟ್ಟಿದ್ದೀರಿ? ಎಂಜಿನ್ ಒಳಗಿದೆಯೋ ಇಲ್ಲವೋ? ಬಾಗಿಲ ರಬ್ಬರು ಹಾಕಿ ಅಳೆದದ್ದೋ, ಹಾಕದೆಯೋ? ಲಾಕು ಕಚ್ಚುತ್ತಿದೆಯೇ? ಎರಡು ಹಿಂಜಿನ ಪಿನ್ನುಗಳು ಒಂದೇ ಗೆರೆಯಲ್ಲಿವೆಯೇ?

ಚಿಂಚವಾಡದ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ಡೈ ಮಾಡಿದವನು ನಾನು. ಅಳತೆ ತಪ್ಪಿದಾಗ ತುಂಡನ್ನು ಬೈಯುವ ಮೊದಲು ಅದನ್ನು ಹಿಡಿದ ಬೆಂಚನ್ನು ನೋಡುವುದು ನಮ್ಮ ಅಭ್ಯಾಸ.

ಭೋಸರಿ ಶೆಡ್ · ಮಾರ್ಚ್ 10, ಬೆಳಿಗ್ಗೆ 8:05

ಸರ್, ನಾಲ್ಕು ಸ್ಟ್ಯಾಂಡಿನ ಮೇಲಿದೆ. ನಾಲ್ಕೂ ಬಾಗಿಲಿನ ಕೆಳಗಿನ ಉದ್ದ ಪೈಪಿಗೆ ಕೊಟ್ಟಿದ್ದೇನೆ, ಅಂದರೆ ಕಾರಿನ ನಡುಭಾಗಕ್ಕೆ. ಎಂಜಿನ್, ಗೇರ್‌ಬಾಕ್ಸ್ ಕೂತಿವೆ. ಮುಂದಿನ ಸಸ್ಪೆನ್ಶನ್, ಹಿಂದಿನ ಆಕ್ಸಲ್ ತೂಗಾಡುತ್ತಿವೆ. ರಬ್ಬರು ಹಾಕಿಲ್ಲ. ಲಾಕು ಹಾಕಿದ್ದೇನೆ. ಹಿಂಜಿನ ಪಿನ್ನು ನೋಡಿಲ್ಲ. ಶೆಡ್ಡಿನ ನೆಲ ಎಡಕ್ಕೆ ಸ್ವಲ್ಪ ಇಳಿಜಾರು.

ನಿವೃತ್ತ ಟೂಲ್‌ರೂಮ್ · ಮಾರ್ಚ್ 10, ಬೆಳಿಗ್ಗೆ 9:30

ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಸೂರು ಇಲ್ಲದ ಕಾರಿನಲ್ಲಿ ಬಾಗಿಲ ಜಾಗ ಎಂದರೆ ತೊಟ್ಟಿಯ ಅತ್ಯಂತ ಬಲಹೀನ ಜಾಗ. ಮೇಲೆ ಕಟ್ಟಿ ಹಿಡಿಯಲು ಏನೂ ಇಲ್ಲ, ಎಲ್ಲ ಭಾರ ಕೆಳಗಿನ ಪೈಪಿನ ಮೇಲೆ. ನೀವು ನಡುವಿಗೆ ಆಧಾರ ಕೊಟ್ಟು ಮುಂದೆ ಎಂಜಿನ್, ಹಿಂದೆ ಆಕ್ಸಲ್ ತೂಗುಬಿಟ್ಟಿದ್ದೀರಿ. ಕಾವಡಿಯನ್ನು ಹೆಗಲ ಮೇಲೆ ಇಟ್ಟ ಹಾಗಾಯಿತು. ಎರಡೂ ತುದಿ ಕೆಳಗೆ ಬಾಗುತ್ತವೆ, ನಡುವೆ ಉಬ್ಬುತ್ತದೆ, ಬಾಗಿಲ ಜಾಗದ ಬಾಯಿ ಮೇಲ್ಗಡೆ ತೆರೆದುಕೊಳ್ಳುತ್ತದೆ. ಮೇಲೆ 9, ಕೆಳಗೆ 2 ಬಂದದ್ದು ಅದರಿಂದ. ಎಡಕ್ಕೆ ಮಾತ್ರ ಯಾಕೆ ಎಂದರೆ ನೆಲದ ಇಳಿಜಾರು. ಒಂದು ಸ್ಟ್ಯಾಂಡು ಭಾರ ಹೊರುತ್ತಿಲ್ಲ, ಚಾಸಿ ತಿರುಚಿಕೊಂಡಿದೆ.

ಹೀಗೆ ಮಾಡಿ. ಚಕ್ರ ಹಾಕಿ ಕಾರನ್ನು ತನ್ನ ನಾಲ್ಕು ಕಾಲಿನ ಮೇಲೆ ಇಳಿಸಿ. ಪೆಟ್ರೋಲ್ ಟ್ಯಾಂಕಿನ ಜಾಗದಲ್ಲಿ ನೀರಿನ ಕ್ಯಾನು, ಸೀಟಿನ ಜಾಗದಲ್ಲಿ ಮರಳಿನ ಚೀಲ ಇಡಿ. ಕಾರನ್ನು ನಾಲ್ಕು ಹೆಜ್ಜೆ ಹಿಂದೆ ಮುಂದೆ ತಳ್ಳಿ, ಕೈಯಿಂದ ಅದುಮಿ ಬಿಡಿ, ಸ್ಪ್ರಿಂಗು ತನ್ನ ಜಾಗಕ್ಕೆ ಬರಲಿ. ಆಮೇಲೆ ಗೌಂಡಿಗಳು ಬಳಸುವ ಪಾರದರ್ಶಕ ನೀರಿನ ಪೈಪು ತನ್ನಿ. ಎಡ ಬಲ ಚಾಸಿಯ ಒಂದೇ ಬಿಂದುವಿಗೆ ಹಿಡಿದು ನೀರಿನ ಮಟ್ಟ ನೋಡಿ, ತಗ್ಗಿದ ಕಡೆಯ ಚಕ್ರದ ಕೆಳಗೆ ತಗಡಿನ ಹಾಳೆ ಸೇರಿಸುತ್ತ ಹೋಗಿ. ಲೇಸರು ಬೇಕಿಲ್ಲ. ಆ ಪೈಪಿನಲ್ಲಿ 1 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಅದಾದ ಮೇಲೆ ಚಾಸಿಯ ಎರಡು ಕರ್ಣ ಅಳೆಯಿರಿ. ಆಮೇಲೆ ಬಾಗಿಲು.

ಚೆಂಬೂರು ಉಡುಪಿಯವ · ಮಾರ್ಚ್ 10, ಮಧ್ಯಾಹ್ನ 1:50

ನನ್ನದೊಂದು ಬೇರೆ ಅಭಿಪ್ರಾಯ ಉಂಟು. ಫೈಬರ್ ಅಂದ್ರೆ ಬಗ್ಗುವ ವಸ್ತು ಅಲ್ವಾ ಮಾರಾಯ್ರೆ? 6 ಮಿ.ಮೀ. ಏನು ದೊಡ್ಡ ವಿಷಯ? ಒಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು, ದೊಡ್ಡ ಬೋಲ್ಟು ಹಾಕಿ ಎಳೆದು ಹಿಡಿದರೆ ನಿಲ್ಲುತ್ತದೆ. ನನ್ನ ಬಗ್ಗಿ ಕಾರಿನ ಮುಂದಿನ ಮೂತಿಯನ್ನು ಹಾಗೆಯೇ ಕೂರಿಸಿದ್ದು. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಎರಡು ಸೂತಿನ (ಕಾಲು ಅಂಗುಲದ) ಪಟ್ಟಿ ಬೇಕಾದಷ್ಟು ಸಿಗ್ತದೆ.

ವಾಸ್ಕೋ ದೋಣಿ · ಮಾರ್ಚ್ 10, ರಾತ್ರಿ 9:10

ಎಳೆದು ಹಿಡಿಯುವುದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಊರು ಕಾರವಾರ. ಗೋವಾದಲ್ಲಿ ಹದಿನೆಂಟು ವರ್ಷದಿಂದ ಫೈಬರ್ ದೋಣಿ ಮಾಡುತ್ತಿದ್ದೇನೆ. ಕಾರು ಮಾಡಿಲ್ಲ, ಆದರೆ ಈ ವಸ್ತುವಿನ ಜೊತೆ ದಿನಾ ಬಾಳಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ತಗಡನ್ನು ಬಗ್ಗಿಸಿದರೆ ಅದು ಬಗ್ಗಿದ ಹಾಗೇ ಉಳಿಯುತ್ತದೆ. ಫೈಬರ್ ಹಾಗಲ್ಲ. ಗಾಜಿನ ನೂಲು ಸ್ಪ್ರಿಂಗಿನ ಹಾಗೆ, ಬಗ್ಗಿಸಿದಷ್ಟೂ ವಾಪಸು ಎಳೆಯುತ್ತಲೇ ಇರುತ್ತದೆ. ನೀವು ಬೋಲ್ಟು ಹಾಕಿ ಹಿಡಿದರೂ ಆ ಎಳೆತ ಎಲ್ಲಿಗೂ ಹೋಗಲಿಲ್ಲ, ಬೋಲ್ಟಿನ ತೂತಿಗೆ ಬಂದು ಕೂತಿತು ಅಷ್ಟೇ. ಮೇಲಿನ ಜೆಲ್‌ಕೋಟು ಅರ್ಧ ಮಿ.ಮೀ. ದಪ್ಪದ, ನೂಲೇ ಇಲ್ಲದ ಬರೀ ರೆಸಿನ್. ಅದಕ್ಕೆ ಹಿಗ್ಗುವ ಗುಣ ಇಲ್ಲ. ಮೊದಲು ಅದೇ ಬಿರಿಯುತ್ತದೆ. ಭೋಸರಿಯವರಿಗೆ ಕಂಡ ಜೇಡರ ಬಲೆ ಅದೇ. ಕಾರು ಓಡಲು ಶುರುವಾದ ಮೇಲೆ ನಡುಕ, ಬಿಸಿಲು ಸೇರಿ ಆ ಬಿರುಕು ಬಣ್ಣದ ಮೇಲೂ ಬರುತ್ತದೆ. ಎಷ್ಟು ಸಲ ಬಣ್ಣ ಹೊಡೆದರೂ ಅದೇ ಜಾಗದಲ್ಲಿ ಬರುತ್ತದೆ.

ಇನ್ನು ಬಾಗಿಲು ಯಾಕೆ ತಿರುಚಿತು? ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಬರೀ ರೆಸಿನ್ ಆದರೆ ಗಾತ್ರದಲ್ಲಿ ಶೇ 5ರಿಂದ 8ರಷ್ಟು. ಮ್ಯಾಟ್, ಅಂದರೆ ಗಾಜಿನ ನೂಲಿನ ಹಾಸು, ಇದ್ದರೆ ಕಡಿಮೆ, ಆದರೆ ಇದ್ದೇ ಇರುತ್ತದೆ. ಒಂದು ಕಡೆ ಮ್ಯಾಟ್ ಮೂರು ಪದರ, ಇನ್ನೊಂದು ಕಡೆ ಐದು ಪದರ ಬಿದ್ದರೆ ಕುಗ್ಗುವುದೂ ಬೇರೆ ಬೇರೆ, ಪ್ಯಾನೆಲ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅವಸರಕ್ಕೆ ಬಿದ್ದು ಮೋಲ್ಡಿನಿಂದ ಬೇಗ ಎಬ್ಬಿಸಿದರೆ ಇನ್ನೂ ಕೆಟ್ಟದು. ಮುಟ್ಟಿದರೆ ಗಟ್ಟಿ ಅನಿಸುತ್ತದೆ, ಒಳಗೆ ಹಸಿ ಇರುತ್ತದೆ. ಆ ಹಸಿ ಪ್ಯಾನೆಲನ್ನು ಗೋಡೆಗೆ ಒರಗಿಸಿ ಇಟ್ಟರೆ ಒರಗಿದ ಆಕಾರವನ್ನೇ ಕಲಿಯುತ್ತದೆ. ನಿಮ್ಮ ಎಡ ಬಾಗಿಲು ಗೋಡೆಗೆ ಒರಗಿತ್ತೇ ನೆನಪು ಮಾಡಿಕೊಳ್ಳಿ.

ಹೊಸ ಪ್ಯಾನೆಲ್ ಬಂದ ಕೂಡಲೇ ಕೊರೆಯುವುದು, ಕೊಯ್ಯುವುದು ಬೇಡ. ಕಾರಿನ ಮೇಲೆ ತನ್ನ ತನ್ನ ಜಾಗದಲ್ಲಿ ಸಡಿಲವಾಗಿ ಕೂರಿಸಿ, ಬಟ್ಟೆ ಸುತ್ತಿದ ಕ್ಲ್ಯಾಂಪು ಹಾಕಿ, ಎರಡು ಮೂರು ವಾರ ಹಗಲು ಬಿಸಿಲಿಗೆ ತಳ್ಳಿ. ಪುಣೆಯ ಏಪ್ರಿಲ್ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಉಳಿದ ಹಸಿ ಎಲ್ಲ ಆಗ ಗಟ್ಟಿಯಾಗುತ್ತದೆ, ಸರಿಯಾದ ಆಕಾರದಲ್ಲೇ ಗಟ್ಟಿಯಾಗುತ್ತದೆ.

ಇನ್ನೊಂದು ಲೆಕ್ಕ. ಮ್ಯಾಟ್ ಹಾಕಿದ ಫೈಬರ್ ಬಿಸಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒಂದೂವರೆ ಮೀಟರ್ ಬಾನೆಟ್, ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಅಂತ ಹಿಡಿಯಿರಿ. ಬಾನೆಟ್ಟಿಗೂ ಕೆಳಗಿನ ಚಾಸಿಗೂ ಸುಮಾರು 1 ಮಿ.ಮೀ. ಅಂತರ ಬರುತ್ತದೆ. ಅದಕ್ಕೆ ಜಾಗ ಬಿಡದೆ ಬಿಗಿದರೆ ಅದು ಎಲ್ಲಿ ಹೋಗಬೇಕು? 6 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ತೂತು, ಕೆಳಗೆ ರಬ್ಬರು, ಮೇಲೆ 25 ಮಿ.ಮೀ. ಅಗಲದ ವಾಷರು. ತಲೆ ಒಳಗೆ ಹುದುಗುವ ಸ್ಕ್ರೂ ಬೇಡವೇ ಬೇಡ, ಅದು ಮೊಳೆಯ ಹಾಗೆ ಫೈಬರನ್ನು ಸೀಳುತ್ತದೆ.

ಚೆಂಬೂರು ಉಡುಪಿಯವ · ಮಾರ್ಚ್ 10, ರಾತ್ರಿ 10:30

ಈಗ ಹೋಗಿ ಟಾರ್ಚು ಹಿಡಿದು ನನ್ನ ಬಗ್ಗಿಯ ಮೂತಿ ನೋಡಿದೆ. ಎರಡು ಬೋಲ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಉಂಟು. ನೀವು ಹೇಳಿದ್ದು ಸರಿ. ಈ ಶನಿವಾರ ಬಿಚ್ಚುತ್ತೇನೆ.

ಭೋಸರಿ ಶೆಡ್ · ಮಾರ್ಚ್ 15, ಸಂಜೆ 7:00

ಎರಡು ದಿನ ಪೂರ್ತಿ ಇದೇ ಕೆಲಸ ಮಾಡಿದೆ. ಚಕ್ರದ ಮೇಲೆ ಇಳಿಸಿದೆ. ಸೀಟಿನಲ್ಲಿ ಎರಡು ಮರಳು ಚೀಲ, ಹಿಂದೆ 30 ಲೀಟರ್ ನೀರು. ನೀರಿನ ಪೈಪಿನಲ್ಲಿ ನೋಡಿದರೆ ಎಡ ಹಿಂಭಾಗ 11 ಮಿ.ಮೀ. ತಗ್ಗು! ತಗಡು ಕೊಟ್ಟು ಸಮ ಮಾಡಿದೆ. ಕರ್ಣಗಳ ವ್ಯತ್ಯಾಸ ಈಗ 2 ಮಿ.ಮೀ.

ತೊಟ್ಟಿಯ ಬೋಲ್ಟು ಎಲ್ಲ ಸಡಿಲ ಮಾಡಿ, ನೆಲದ ಮೇಲೆ ಸುಣ್ಣದ ದಾರ ಹೊಡೆದು ನಡು ಗೆರೆ ಎಳೆದೆ. ಮೂತಿಯ ನಡುವಿನಿಂದ ಒಂದು ತೂಗುಗುಂಡು, ಬಾಲದ ನಡುವಿನಿಂದ ಇನ್ನೊಂದು. ಹಿಂದಿನ ಗುಂಡು ಗೆರೆಯಿಂದ 7 ಮಿ.ಮೀ. ಬಲಕ್ಕಿತ್ತು. ತೊಟ್ಟಿಯನ್ನು ಸರಿಸಿ ಎರಡೂ ಗುಂಡು ಗೆರೆಯ ಮೇಲೆ ತಂದೆ. ನಾಲ್ಕು ಚಕ್ರದ ನಡುವಿನಿಂದ ಅದರ ಕಮಾನಿಗೆ ಇರುವ ದೂರ ಈಗ ಎಡ ಬಲ 3 ಮಿ.ಮೀ. ಒಳಗೆ ಹೊಂದುತ್ತದೆ.

ಬಾಗಿಲು ಮುಟ್ಟಲೇ ಇಲ್ಲ. ಆದರೂ ಗ್ಯಾಪು ಮೇಲೆ 9 ಇದ್ದದ್ದು 6 ಆಗಿದೆ, ಕೆಳಗೆ 2 ಇದ್ದದ್ದು 4. ಟೂಲ್‌ರೂಮ್ ಸರ್, ನಿಮಗೆ ಕೈ ಮುಗಿದೆ. ಹೊರಗೆ ಚಾಚಿದ ಮೂಲೆ 6ರಿಂದ 5ಕ್ಕೆ ಬಂದಿದೆ, ಅಷ್ಟೇ.

ವಾಸ್ಕೋ ಸರ್, ನೀವು ಕೇಳಿದ್ದು ನಿಜ. ಬಾಡಿ ಬಂದದ್ದು ಶ್ರಾವಣದಲ್ಲಿ. ಎಡ ಬಾಗಿಲು ಐದು ತಿಂಗಳು ಗೋಡೆಗೆ ಒರಗಿತ್ತು, ಕೆಳಗಿನ ಒಂದು ಮೂಲೆಯ ಮೇಲೆ ಭಾರ ಹಾಕಿಕೊಂಡು. ಬಲದ್ದು ಹಲಗೆಯ ಮೇಲೆ ಮಲಗಿತ್ತು.

ಕೊಥ್ರೂಡ್ ಫೈಲು · ಮಾರ್ಚ್ 15, ರಾತ್ರಿ 8:45

ಕೆಲಸ ನೋಡಿ ಸಂತೋಷವಾಯಿತು. ಓದುವ ಹೊಸಬರಿಗಾಗಿ ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಲಕ್ಷಗಟ್ಟಲೆ ಸುರಿದ ಮೇಲೆ ಗೊತ್ತಾದರೆ ದುಃಖ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷೆಗೆ ಒಯ್ದು ನೋಂದಾಯಿಸಬಹುದು, ಐವಿಎ ಎನ್ನುತ್ತಾರೆ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ವಾಹನದ ಮೂಲ ಮಾದರಿಯೇ ಪರೀಕ್ಷೆ ಪಾಸಾಗಬೇಕು. ಅದನ್ನು ಮಾಡುವ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ ನಮ್ಮ ಪುಣೆಯಲ್ಲೇ 1966ರಿಂದ ಇದೆ, ಆದರೆ ಆ ಖರ್ಚು ಕಂಪನಿಗಳು ಹೊರುವಂಥದ್ದು. ಹಳೆಯ ಜಿಪ್ಸಿಯ ಆರ್‌ಸಿ ಇಟ್ಟುಕೊಂಡು ಮೇಲೆ ಬೇರೆ ಬಾಡಿ ಕೂರಿಸಿ ರಸ್ತೆಗಿಳಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಹೇಳಿದೆ.

ಭೋಸರಿ ಶೆಡ್ · ಮಾರ್ಚ್ 15, ರಾತ್ರಿ 9:20

ಗೊತ್ತಿದ್ದೇ ಇಳಿದದ್ದು ಸರ್. ಈ ಕಾರು ರಸ್ತೆಗೆ ಹೋಗುವುದಿಲ್ಲ. ಗೆಳೆಯರೊಬ್ಬರ ಹೊಲದಲ್ಲಿ ಸ್ವಂತ ಮಣ್ಣಿನ ಟ್ರ್ಯಾಕು ಇದೆ, ಟ್ರೇಲರಿನಲ್ಲಿ ಅಲ್ಲಿಗೆ ಒಯ್ಯುತ್ತೇನೆ. ಕಟ್ಟುವುದೇ ನನಗೆ ಬೇಕಾದದ್ದು.

ಹಡಪ್ಸರ್ ಪೇಂಟರ್ · ಮಾರ್ಚ್ 16, ಬೆಳಿಗ್ಗೆ 7:30

ಬಾನೆಟ್ ಕೂಡಿಸಿಟ್ಟು ಆಮ್ಯಾಲೆ ಬಾಗಲಾ ಹಚ್ಚಿದ್ರ ಛಲೋ ಅಲ್ಲೇನ್ರಿ? ಮುಂದಿನಿಂದ ಹಿಂದಕ ಬರೂದು ನಮ್ಮ ರೂಢಿ.

ನಿವೃತ್ತ ಟೂಲ್‌ರೂಮ್ · ಮಾರ್ಚ್ 16, ಬೆಳಿಗ್ಗೆ 8:10

ಕಂಪನಿಯ ತಗಡಿನ ಕಾರಿಗೆ ಬೇಕಾದರೆ ಹಾಗೆ ಮಾಡಿ, ಅಲ್ಲಿ ಮುಂದಿನ ಫೆಂಡರು ಬಿಚ್ಚಿ ಸರಿಸಬಹುದು. ಇಲ್ಲಿ ಫೆಂಡರು ತೊಟ್ಟಿಯಲ್ಲೇ ಸೇರಿದೆ. ಬಾಗಿಲು ಹಿಂಜಿನ ಮೂಲಕ ನೇರವಾಗಿ ಚಾಸಿಗೆ ಕಟ್ಟಿದ್ದು, ಅದಕ್ಕೆ ಸರಿಯುವ ಜಾಗ ಕಡಿಮೆ. ಕಡಿಮೆ ಸರಿಯುವುದನ್ನು ಮೊದಲು ಕೂರಿಸಬೇಕು. ಬಾನೆಟ್, ಡಿಕ್ಕಿ ಎಷ್ಟು ಬೇಕಾದರೂ ಸರಿಯುತ್ತವೆ, ಅವು ಕೊನೆಗೆ. ಆದರೆ ನಾಲ್ಕನ್ನೂ ಸಡಿಲವಾಗಿ ಜಾಗದಲ್ಲಿ ಇಟ್ಟು ಒಟ್ಟಿಗೆ ನೋಡದೆ ಒಂದು ತೂತನ್ನೂ ಕೊರೆಯಬೇಡಿ. ಬಾಗಿಲಿಗೆ 4 ಮಿ.ಮೀ. ಚೆನ್ನಾಗಿ ಬಂತೆಂದು ಬೀಗಿದ ಮೇಲೆ ಬಾನೆಟ್ಟಿಗೆ 12 ಉಳಿದರೆ ಏನು ಮಾಡುತ್ತೀರಿ?

ಈಗ ಚಾಚಿದ ಮೂಲೆಗೆ ಬರೋಣ. ಮೊದಲು ರಬ್ಬರು ಹಾಕಿ. ರಬ್ಬರು ಬಾಗಿಲನ್ನು 1ರಿಂದ 3 ಮಿ.ಮೀ. ಹೊರಗೆ ತಳ್ಳುತ್ತದೆ, ಅದಿಲ್ಲದೆ ಅಳೆದ ಅಳತೆ ಎಲ್ಲ ಸುಳ್ಳು. ಆಮೇಲೆ ಎರಡು ಹಿಂಜಿನ ಪಿನ್ನು ತೆಗೆದು, ಎರಡರ ತೂತಿನ ಮೂಲಕ ಒಂದೇ ಉದ್ದ ನೇರ ಸರಳು ತೂರಿಸಿ. ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಪ್ರತಿ ಸಲ ಬಾಗಿಲು ತೆಗೆಯುವಾಗಲೂ ಹಿಂಜು ಬಾಗಿಲನ್ನು ತಿರುಚುತ್ತಿದೆ ಎಂದೇ ಅರ್ಥ.

ಅದು ಸರಿಯಿದ್ದರೆ ಅಡ್ಡಮೂಲೆಯ ಉಪಾಯ. ಕೆಳಗಿನ ಹಿಂದಿನ ಮೂಲೆ ಒಳಗೆ ಹೋಗಬೇಕಾದರೆ ಮೇಲಿನ ಮುಂದಿನ ಹಿಂಜನ್ನು ಶಿಮ್ (ತೆಳು ತಗಡಿನ ತುಂಡು) ಕೊಟ್ಟು ಹೊರಗೆ ತನ್ನಿ. ಲಾಕು ನಡುವೆ ಹಿಡಿದಿರುವುದರಿಂದ ಬಾಗಿಲು ತಕ್ಕಡಿಯ ಹಾಗೆ ಓಲಾಡುತ್ತದೆ. ಆದರೆ ಲೋಭ ಬೇಡ. 1 ಮಿ.ಮೀ. ಶಿಮ್, ಹೆಚ್ಚೆಂದರೆ ಒಂದೂವರೆ. ಅದಕ್ಕಿಂತ ಹೆಚ್ಚಾದರೆ ಮೇಲಿನ ಮುಂದಿನ ಮೂಲೆ ಎದ್ದು ಕಾಣುತ್ತದೆ.

ಭೋಸರಿ ಶೆಡ್ · ಮಾರ್ಚ್ 22, ರಾತ್ರಿ 10:05

ಸರಳು ಇಳಿಯಲಿಲ್ಲ! ಕೆಳಗಿನ ಹಿಂಜು 2 ಮಿ.ಮೀ. ಹಿಂದಿತ್ತು. ಸರಿ ಮಾಡಿದೆ. ರಬ್ಬರು ಹಾಕಿದೆ, ಮೇಲೆ 1 ಮಿ.ಮೀ. ಶಿಮ್ ಕೊಟ್ಟೆ. ರಬ್ಬರಿನ ತಳ್ಳು ಸೇರಿಯೂ ಮೂಲೆ ಈಗ 4 ಮಿ.ಮೀ. ಹೊರಗೆ. ಉಳಿದದ್ದು ಬಾಗಿಲಿನದೇ ತಿರುಚು. ಸಮತಲ ಗ್ರಾನೈಟ್ ಚಪ್ಪಡಿಯ ಮೇಲೆ ಮಲಗಿಸಿದರೆ ಒಂದು ಮೂಲೆ ಎದ್ದು ಟಕ್ ಟಕ್ ಅನ್ನುತ್ತದೆ. ಹೀಟ್ ಗನ್ ಹಿಡಿದು ಬಗ್ಗಿಸಲೇ?

ವಾಸ್ಕೋ ದೋಣಿ · ಮಾರ್ಚ್ 23, ಬೆಳಿಗ್ಗೆ 6:50

ಒಂದೇ ಪದರದ ತೆಳು ಅಂಚಾದರೆ ಬಿಸಿ ಮಾಡಿ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಬಗ್ಗಿಸಿ, ಹಿಡಿದುಕೊಂಡೇ ತಣಿಸಿದರೆ ಸ್ವಲ್ಪ ಮಟ್ಟಿಗೆ ಬರುತ್ತದೆ. ಸಾಧಾರಣ ಪಾಲಿಯೆಸ್ಟರ್ 60-70 ಡಿಗ್ರಿಯ ಸುಮಾರಿಗೆ ಮೆತ್ತಗಾಗಲು ಶುರು. ಆದರೆ ನಿಮ್ಮ ಬಾಗಿಲು ಎರಡು ಚರ್ಮದ್ದು, ಹೊರಗಿನದು ಒಳಗಿನದಕ್ಕೆ ಸುತ್ತಲೂ ಅಂಟಿದೆ. ಅದು ಪೆಟ್ಟಿಗೆ. ಪೆಟ್ಟಿಗೆಯನ್ನು ಹೀಟ್ ಗನ್ನಿನಲ್ಲಿ ತಿರುಗಿಸಲು ಆಗದು, ಜೆಲ್‌ಕೋಟು ಸುಡುತ್ತದೆ. ಮೇ ತಿಂಗಳ ಬಿಸಿಲಿಗೆ ಮತ್ತೆ ಹಳೆಯ ಆಕಾರಕ್ಕೆ ತಿರುಗುತ್ತದೆ.

ಪೆಟ್ಟಿಗೆಯನ್ನು ಬಿಡಿಸಿ ಕಟ್ಟಬೇಕು. ಕೆಳ ಅಂಚು, ಹಿಂದಿನ ಅಂಚಿನ ಅಂಟನ್ನು ಹ್ಯಾಕ್ಸಾ ಬ್ಲೇಡಿನಿಂದ ನಿಧಾನವಾಗಿ ಬಿಡಿಸಿ. ಬಾಗಿಲನ್ನು ಕಾರಿನ ಮೇಲೆ ಹಾಕಿ, ಲಾಕು ಕಚ್ಚಿಸಿ, ಹೊರ ಚರ್ಮವನ್ನು ಬಾಡಿಯ ಸಮಕ್ಕೆ ಹಲಗೆ, ಕ್ಲ್ಯಾಂಪು, ಪಟ್ಟಿಗಳಿಂದ ಹಿಡಿಯಿರಿ. ಈಗ ಎರಡು ಚರ್ಮ ಒಂದರ ಮೇಲೊಂದು ಜಾರಿ ಹೊಸ ಜಾಗದಲ್ಲಿ ನೆಮ್ಮದಿಯಾಗಿ ಕೂರುತ್ತವೆ. ಆ ಸ್ಥಿತಿಯಲ್ಲೇ ರೆಸಿನ್ನಿಗೆ ಅರೆದ ಫೈಬರ್ ಪುಡಿ ಕಲೆಸಿ ಸಂದಿಗೆ ತುಂಬಿ. ಗಟ್ಟಿಯಾದ ಮೇಲೆ ಒಳಗಿನಿಂದ ಎರಡು ಪದರ ಮ್ಯಾಟ್. ಎರಡು ದಿನ ಕ್ಲ್ಯಾಂಪು ಮುಟ್ಟಬೇಡಿ. ಬಾಗಿಲು ಬಾಡಿಗೆ ಅಂಟದ ಹಾಗೆ ಬಾಡಿಯ ಅಂಚಿಗೆಲ್ಲ ಪ್ಯಾಕಿಂಗ್ ಟೇಪು ಹಚ್ಚಿ ಮೇಲೆ ಮೇಣ ಉಜ್ಜಿರಿ. ಇದನ್ನು ಮರೆತರೆ ಬಾಗಿಲು ಮತ್ತೆ ತೆಗೆಯುವ ಮಾತೇ ಇಲ್ಲ.

ಜೋಪಾನದ ಮಾತು: ರೆಸಿನ್ ಗಟ್ಟಿ ಮಾಡುವ ಹಾರ್ಡನರ್ ರೆಸಿನ್ನಿನ ತೂಕದ ಶೇ 1ರಿಂದ 2. ಈ ಸೆಕೆಗೆ 1 ಸಾಕು. ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಕನ್ನಡಕ ಇಲ್ಲದೆ ಬಾಟಲಿ ತೆಗೆಯಬೇಡಿ. ಬಿದ್ದರೆ ಕೂಡಲೇ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು ಡಾಕ್ಟರ ಹತ್ತಿರ ಓಡಿ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ನೇರಳೆ ಬಣ್ಣದ ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಲೇಬಾರದು, ಸಿಡಿಯುತ್ತದೆ. ಕೋಬಾಲ್ಟು ಮೊದಲು ರೆಸಿನ್ನಿಗೆ, ಚೆನ್ನಾಗಿ ಕಲೆಸಿದ ಮೇಲೆ ಹಾರ್ಡನರ್. ಉಜ್ಜುವಾಗ ಮಾಸ್ಕು. ಮೈಗೆ ತುರಿಕೆ ಬಂದರೆ ತಣ್ಣೀರಿನ ಸ್ನಾನ, ಬಿಸಿನೀರು ಬೇಡ.

ಭೋಸರಿ ಶೆಡ್ · ಏಪ್ರಿಲ್ 6, ರಾತ್ರಿ 11:30

ಆಯಿತು. ಬರೆಯುವಾಗಲೂ ಕೈ ನಡುಗುತ್ತಿದೆ.

ಮೂರು ವರ್ಷ ಕಾದು ತಂದ ಬಾಗಿಲಿಗೆ ಬ್ಲೇಡು ಹಾಕುವುದು ಸುಲಭವಾಗಲಿಲ್ಲ. ಮೊದಲ ಒಂದು ಗೇಣು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಂಟಿನೊಳಗೆ ಒಂದು ಬೆರಳಗಲದ ಗಾಳಿ ಗುಳ್ಳೆಗಳಿದ್ದವು, ಅಲ್ಲೆಲ್ಲ ಬ್ಲೇಡು ಪಟಕ್ಕನೆ ಒಳಗೆ ಹೋಗುತ್ತಿತ್ತು. ಹಿಂದಿನ ಕೆಳಮೂಲೆ ತಿರುಗುವಲ್ಲಿ ಕೊನೆಯ ಎರಡು ಅಂಗುಲ ಉಳಿದಿದ್ದಾಗ ತಾನಾಗಿಯೇ ಕಿರ್ರ್ ಎಂದು ಬಿಟ್ಟಿತು. ಹೊರ ಚರ್ಮ ಒಳಗಿನದರ ಮೇಲೆ ಜಾರಿತು. ಎಷ್ಟು ಜಾರಿತು ಎಂದು ಪೆನ್ಸಿಲ್ ಗುರುತಿನ ಮೇಲೆ ಅಳೆದೆ: 3 ಮಿ.ಮೀ. ಅಷ್ಟು ದಿನ ಆ ಬಾಗಿಲು ಆ 3 ಮಿ.ಮೀ.ಯನ್ನು ಒಳಗೆ ಬಿಗಿಹಿಡಿದುಕೊಂಡಿತ್ತು.

ಹೆಂಡತಿ ಕ್ಲ್ಯಾಂಪು ಹಿಡಿದಳು, ನಾನು ಮಸಾಲೆ ತುಂಬಿದೆ. ನೂರು ಗ್ರಾಂ ರೆಸಿನ್ನಿಗೆ ಒಂದು ಗ್ರಾಂ ಹಾರ್ಡನರ್, ಚಿನ್ನ ತೂಗುವ ತಕ್ಕಡಿಯಲ್ಲಿ. 35 ಡಿಗ್ರಿ ಸೆಕೆಯಲ್ಲಿ ಹದಿನೆಂಟು ನಿಮಿಷಕ್ಕೆ ಜೆಲ್ಲಿ ಆಯಿತು. ಎರಡು ದಿನ ಶೆಡ್ಡಿಗೆ ಹೋಗದೆ ಮನೆಯಲ್ಲಿ ಕೂತೆ. ಮೂರನೆಯ ದಿನ ಕ್ಲ್ಯಾಂಪು ಒಂದೊಂದೇ ಬಿಚ್ಚಿದೆ. ಮೂಲೆ ಅಲುಗಲಿಲ್ಲ. ಸ್ಕೇಲು ಅಡ್ಡ ಇಟ್ಟರೆ ಬೆಳಕು ನುಸುಳುವಷ್ಟು ಮಾತ್ರ, ಅರ್ಧ ಮಿ.ಮೀ.

ನಿವೃತ್ತ ಟೂಲ್‌ರೂಮ್ · ಏಪ್ರಿಲ್ 7, ಬೆಳಿಗ್ಗೆ 6:15

ಬಹಳ ಒಳ್ಳೆಯ ಕೆಲಸ. ಮನೆಯವರಿಗೂ ಹೇಳಿ.

ಚೆಂಬೂರು ಉಡುಪಿಯವ · ಏಪ್ರಿಲ್ 7, ಮಧ್ಯಾಹ್ನ 2:00

ನನ್ನ ಚಿಕ್ಕಪ್ಪನ ಹತ್ತಿರ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಇತ್ತು, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಫೈಬರ್ ಬಾಡಿಯದ್ದು. ಉಡುಪಿಯ ಮಳೆಗೆ ಅಕ್ಕಪಕ್ಕದ ಕಾರೆಲ್ಲ ತುಕ್ಕು ಹಿಡಿದರೂ ಅದರ ಬಾಡಿ ಹಾಗೇ ಇತ್ತು. ಚಿಕ್ಕಂದಿನಲ್ಲಿ ಅದರ ಬಾಗಿಲು ಬೆರಳಿನಿಂದ ಕುಟ್ಟಿ ಡಬ್ ಡಬ್ ಶಬ್ದ ಕೇಳುವುದೇ ಒಂದು ಖುಷಿ. ನನಗೆ ಈ ಹುಚ್ಚು ಹಿಡಿದದ್ದು ಅಲ್ಲಿಂದ.

ವಾಸ್ಕೋ ದೋಣಿ · ಏಪ್ರಿಲ್ 7, ರಾತ್ರಿ 8:20

ಗೋವಾದಲ್ಲೂ ಫೈಬರ್ ಬಾಡಿಯ ಕಾರು ಆಗಿತ್ತು, ಸ್ಯಾನ್ ಸ್ಟಾರ್ಮ್. ಎರಡು ಸೀಟು, ರೆನೋ ಎಂಜಿನ್. ಇಲ್ಲಿ ಈಗಲೂ ಯಾರಾದರೂ ತಂದು ನಿಲ್ಲಿಸಿದರೆ ನಾನು ಮೊದಲು ನೋಡುವುದು ಬಾಗಿಲ ಗೆರೆಯನ್ನು.

1953ರಲ್ಲಿ ಅಮೆರಿಕದಲ್ಲಿ ಷೆವರ್ಲೆಯ ಮೊದಲ ಕಾರ್ವೆಟ್ ಕಾರು ಬಂದಾಗ ಆ ವರ್ಷ ಮಾಡಿದ್ದು 300 ಕಾರು ಮಾತ್ರ, ಫೈಬರ್ ಬಾಡಿಯನ್ನು ಕೈಯಿಂದಲೇ ಜೋಡಿಸಿ. ಅಷ್ಟು ದೊಡ್ಡ ಕಂಪನಿಗೂ ಈ ವಸ್ತು ಕೈ ಕೆಲಸವನ್ನೇ ಕೇಳಿತು.

ಭೋಸರಿ ಶೆಡ್ · ಏಪ್ರಿಲ್ 20, ಸಂಜೆ 6:30

ಎರಡು ವಾರ ಬಿಸಿಲು ಕಾಯಿಸಿದೆ. ಬಾನೆಟ್, ಡಿಕ್ಕಿ ಕೂತವು, ಅವುಗಳದ್ದು ಒಂದೊಂದು ದಿನದ ಕೆಲಸ. ಈಗ ಎಡ ಬಾಗಿಲ ಹಿಂದಿನ ಅಂಚು ಮೇಲೆ 6, ನಡುವೆ 5, ಕೆಳಗೆ 4. ಪೇಂಟರ್ ಅಣ್ಣ, ಇನ್ನು ನಿಮ್ಮ ಸರದಿ. ಅಂಚು ಬೆಳೆಸುವುದು ಹೇಗೆ? ಬಣ್ಣಕ್ಕೆ ಎಷ್ಟು ಜಾಗ ಬಿಡಲಿ?

ಹಡಪ್ಸರ್ ಪೇಂಟರ್ · ಏಪ್ರಿಲ್ 20, ರಾತ್ರಿ 9:50

ಬಣ್ಣ ಆದಮ್ಯಾಲೆ 4 ಬೇಕಂದ್ರ ಈಗ 5 ಇಡ್ರಿ. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲಾ ಸೇರಿ ಒಂದೊಂದು ಅಂಚಿಗೆ ಅರ್ಧ ಮಿ.ಮೀ. ಅಂತ ನಾ ಹಿಡೀತೀನಿ. ನೇಮ್‌ಪ್ಲೇಟ್ ಮಾಡೋ ಅಂಗಡ್ಯಾಗ 5 ಮಿ.ಮೀ. ಅಕ್ರಿಲಿಕ್ ತುಂಡು ಸಿಗ್ತಾವ, ಒಂದ್ ಹತ್ತ್ ಪಟ್ಟಿ ಕೊಯ್ಸಿ ಇಟಗೋರಿ. ಸಂದ್ಯಾಗ ಸುತ್ತೂಕಡೆ ಸಿಗಿಸಿಬಿಟ್ರ ಬಾಗಲಾ ತಾನ ನಡುವ ನಿಂದ್ರತದ.

ಕೆಳಗ 4 ಇದ್ದಲ್ಲಿ 80 ನಂಬರ್ ಉಸುಕಿನ ಕಾಗದ, ಉದ್ದನ್ನ ಕಟಗಿ ಹಲಗಿಗೆ ಅಂಟಿಸಿ ತಿಕ್ರಿ. ಬೆರಳಿಗೆ ಸುತ್ತಿ ತಿಕ್ಕಬ್ಯಾಡ್ರಿ, ಅಲಿ ಅಲಿ ಆಗ್ತದ. ಮ್ಯಾಲ 6 ಇದ್ದಲ್ಲಿ ಬೆಳಸ್ಬೇಕು. ಅಂಚಿನಿಂದ ಒಳಗ ಎರಡಂಗುಲ ಜೆಲ್‌ಕೋಟ್ ಪೂರಾ ತಗೀರಿ, ಒಳಗಿನ ನೂಲು ಕಾಣೂಮಟಾ, ಇಳಿಜಾರಾಗಿ. ಜೆಲ್‌ಕೋಟಿನ ಮ್ಯಾಲ ಹಚ್ಚಿದ ರೆಸಿನ್ ಒಂದಿನ ಚಕ್ಕಿ ಬಿಡ್ತದ. ಬಾಡಿ ಅಂಚಿಗೆ ಟೇಪ್, ಮೇಣ. ತೆಳು ಮ್ಯಾಟ್ ಸಣ್ಣ ಸಣ್ಣ ತುಂಡು ಹರದು ಹಚ್ರಿ, ಕತ್ತರಿಲೇ ಕೊಯ್ಯಬ್ಯಾಡ್ರಿ. ಹರದ ಅಂಚು ಮಗ್ಗಲಿನ ನೂಲಿನಾಗ ಬೆರೀತದ. ಒಣಗಿದಮ್ಯಾಲೆ ಅಕ್ರಿಲಿಕ್ ಪಟ್ಟಿ ಇಟ್ಟು 5ಕ್ಕ ತಿಕ್ಕೊಂಡು ಬರ್ರಿ.

ಕಡೀ ಮಾತು, ಅಂಚು ಚೂಪ ಬಿಡಬ್ಯಾಡ್ರಿ. ಚೂಪಿನ ಮ್ಯಾಲ ಬಣ್ಣ ನಿಲ್ಲೂದುಲ್ಲ, ಸರದು ತೆಳ್ಳಗಾಗ್ತದ. ಸಣ್ಣಂಗ ದುಂಡ ಮಾಡ್ರಿ.

ಕೊಥ್ರೂಡ್ ಫೈಲು · ಏಪ್ರಿಲ್ 20, ರಾತ್ರಿ 10:15

ಪೇಂಟರ್ ಅವರ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ಆ ಬ್ರಿಟಿಷ್ ಐವಿಎ ಪರೀಕ್ಷೆಯಲ್ಲಿ ಹೊರಗೆ ತಾಗುವ ಅಂಚಿಗೆ ಕನಿಷ್ಠ 2.5 ಮಿ.ಮೀ. ದುಂಡು ಕೇಳುತ್ತಾರೆ, ಜನರಿಗೆ ತಾಗಿದರೆ ಕೊಯ್ಯಬಾರದು ಎಂದು. ನಿಮ್ಮ ಹೊಲದ ಟ್ರ್ಯಾಕಿನಲ್ಲೂ ಮಕ್ಕಳು ಓಡಾಡುತ್ತಾರಲ್ಲ, ಮೂತಿಯ ಅಂಚು, ಚಕ್ರದ ಕಮಾನು ಹಾಗೆಯೇ ಮಾಡಿ.

ವಾಸ್ಕೋ ದೋಣಿ · ಏಪ್ರಿಲ್ 21, ಬೆಳಿಗ್ಗೆ 7:05

ಮಳೆ ಹಿಡಿಯುವ ಮೊದಲು ಫೈಬರ್ ಕೆಲಸ ಮುಗಿಸಿ. ತೇವದಲ್ಲಿ ಮ್ಯಾಟ್ ನೀರು ಹೀರುತ್ತದೆ, ರೆಸಿನ್ ಸರಿಯಾಗಿ ಗಟ್ಟಿಯಾಗದೆ ಅಂಟಂಟು ಉಳಿಯುತ್ತದೆ. ಉಳಿದ ಮ್ಯಾಟನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮೇಲೆ ಇಡಿ. ಹಿಂಜಿನ ಹತ್ತಿರ ಬಿದ್ದ ಆ ಹಳೆಯ ಬಿರುಕನ್ನೂ ಮರೆಯಬೇಡಿ: ಮೇಲಿನಿಂದ ವಿ ಆಕಾರಕ್ಕೆ ಕೊರೆದು ಜೆಲ್‌ಕೋಟು ತುಂಬಿ, ಹಿಂದಿನಿಂದ ಎರಡು ಪದರ ಮ್ಯಾಟ್ ಕೊಟ್ಟು ಬಲಪಡಿಸಿ. ಹಿಂದೆ ಬಲ ಕೊಡದೆ ಮುಂದೆ ತುಂಬಿದರೆ ಮತ್ತೆ ಬರುತ್ತದೆ.

ಭೋಸರಿ ಶೆಡ್ · ಜೂನ್ 1, ಸಂಜೆ 5:45

ಪ್ರೈಮರ್ ಆಯಿತು. ಎಡ ಬಾಗಿಲು ಮೇಲಿನಿಂದ ಕೆಳಗಿನವರೆಗೆ ಅಕ್ರಿಲಿಕ್ ಪಟ್ಟಿ ಒಂದೇ ಬಿಗಿಯಲ್ಲಿ ಜಾರುತ್ತದೆ. ಬಲ ಬಾಗಿಲಿನಲ್ಲಿ ಪಟ್ಟಿ ನಡುವೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ಭಾನುವಾರದಲ್ಲಿ ಕೂತಿತ್ತಲ್ಲ, ಅದನ್ನೂ ಈಗ ಸಡಿಲ ಮಾಡಿ ಮೊದಲಿನಿಂದ ನೋಡುತ್ತಿದ್ದೇನೆ. ಹೊರಗೆ ಮೋಡ ಕಟ್ಟಿದೆ. ನೀರಿನ ಪೈಪು ಇನ್ನೂ ಗೋಡೆಯ ಮೊಳೆಗೆ ತೂಗುಹಾಕಿಯೇ ಇದೆ.